ಅಪ್‌ಡೇಟ್: ಎಲಿವೇಟರ್‌ಗೆ ಬೆವೆಲ್ ಹೆಲಿಕಲ್ಲೇ ಹಾಕಿದೆವು

ಮಂಗಳೂರಿನ ಬೈಕಂಪಾಡಿಯ ನಮ್ಮ ಗೇರುಬೀಜ ಫ್ಯಾಕ್ಟರಿಯಲ್ಲಿ ಬೀಜವನ್ನು ಬಕೆಟ್‌ಗಳಲ್ಲಿ ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರ್ ಇದೆ. ಮೋಟಾರ್‌ನ ಸ್ಪೀಡ್ ಇಳಿಸಲು ಅದಕ್ಕೆ ವರ್ಮ್ ಗೇರ್‌ಬಾಕ್ಸ್ (ಸ್ಕ್ರೂ ಥರದ ಗೇರ್ ಇರುವಂಥದ್ದು) ಸಾಕಾ, ಬೆವೆಲ್ ಹೆಲಿಕಲ್ (ಓರೆ ಹಲ್ಲಿನ ಗೇರ್‌ಗಳಿರುವಂಥದ್ದು) ಬೇಕಾ ಅಂತ ಕೇಳಿದ್ದೆ ಅಲ್ವಾ? ಬೆವೆಲ್ ಹೆಲಿಕಲ್ ಕೂರಿಸಿ ಆಯ್ತು.

ಮೋಟಾರ್ 3 ಎಚ್‌ಪಿ, 1440 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಮೇಲಿನ ಪುಲ್ಲಿಗೆ ಬೇಕಾದದ್ದು 36 ಆರ್‌ಪಿಎಂ. ಅಂದರೆ 40:1 ರೇಶಿಯೋ. ಇಷ್ಟು ದೊಡ್ಡ ರೇಶಿಯೋದಲ್ಲಿ ವರ್ಮ್ ಆದರೆ ಪವರ್‌ನ ಕಾಲು ಭಾಗದಷ್ಟು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಹೆಲಿಕಲ್‌ನಲ್ಲಿ ಹೋಗುವುದು ನೂರಕ್ಕೆ ಐದಾರು. ದಿನವಿಡೀ ಓಡುವ ಮೆಷಿನ್, ಕರೆಂಟ್ ಬಿಲ್ ನಾವೇ ಕಟ್ಟಬೇಕು. ಹಾಗಾಗಿ ರೇಟು ಜಾಸ್ತಿ ಆದರೂ ಪರವಾಗಿಲ್ಲ ಅನ್ನಿಸಿತು. ನೀವು ಹೇಳಿದ ಹಾಗೆ ಸರ್ವಿಸ್ ಫ್ಯಾಕ್ಟರ್ 1.5 (ಅಂದರೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಲೋಡ್ ತಾಳುವಷ್ಟು) ಹಿಡಿದೇ ಸೈಜ್ ಆರಿಸಿದೆವು.

'ವರ್ಮ್ ಹಿಂದಕ್ಕೆ ತಿರುಗಲ್ಲ, ಅದೇ ಸೇಫ್' ಅಂದವರೂ ಇದ್ದರು. ಆದರೆ ವೈಬ್ರೇಶನ್ ಇದ್ದರೆ ವರ್ಮ್ ಕೂಡ ಜಾರಬಹುದು, ನಂಬಿ ಕೂರುವಂಥದ್ದಲ್ಲ. ಅದಕ್ಕೆ ಮೋಟಾರ್ ನಿಂತಾಗ ಹಿಂದಕ್ಕೆ ತಿರುಗದಂತೆ ತಡೆಯುವ ಬ್ಯಾಕ್‌ಸ್ಟಾಪ್ ಇರುವ ಮಾಡೆಲ್ಲೇ ತರಿಸಿದೆವು. ಬಕೆಟ್ ತುಂಬಿರುವಾಗಲೇ ಮೈನ್ ಆಫ್ ಮಾಡಿ ನೋಡಿದೆವು. ಟಕ್ ಅಂತ ನಿಂತಿತು, ಬೀಜ ಕೆಳಗೆ ಸುರಿಯಲಿಲ್ಲ.

ಫಿಟ್ಟರ್ ಅಣ್ಣ ಗೇರ್‌ಬಾಕ್ಸ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪ್ಲಗ್ಗನ್ನು ಮೇಲಿನ ತೂತಿಗೆ ಬದಲಿಸಿದರು, ಇಲ್ಲದಿದ್ದರೆ ಆಯಿಲ್ ಹೊರಗೆ ಬರುತ್ತಿತ್ತು. ಇಲ್ಲಿನ ಉಪ್ಪು ಗಾಳಿಗೆ ತುಕ್ಕು ಹಿಡಿಯದ ಹಾಗೆ ಎಪಾಕ್ಸಿ ಪೇಂಟ್ ಹೊಡೆಯುವುದು ಬಾಕಿ ಇದೆ. ಮಳೆ ಹಿಡಿಯುವ ಮೊದಲು ಹೊಡೆಸಬೇಕು.