ಗಿರಿರಾಜ ಹೇಂಟೆಯ ಅಂಗಾಲಲ್ಲಿ ಗಟ್ಟಿ ಗಂಟು: ತೆಗೆಸಬೇಕಾ, ಕಾಯಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನ ಗಿರಿರಾಜ ಹೇಂಟೆ ಎಡಗಾಲು ನೆಲಕ್ಕೆ ಊರುತ್ತಿಲ್ಲ. ಮೂಳೆ ಮುರಿದಿರಬಹುದು ಅಂತ ತೊಡೆಯಿಂದ ಬೆರಳಿನವರೆಗೆ ಸವರಿ ನೋಡಿದೆ, ಎಲ್ಲೂ ಮುರಿದ ಹಾಗಿಲ್ಲ. ಅಂಗಾಲು ತಿರುಗಿಸಿದಾಗ ಗೊತ್ತಾಯಿತು. ನಡುವೆ ಕಾಳುಮೆಣಸಿನಷ್ಟು ಕಪ್ಪು ಹಕ್ಕಳೆ, ಸುತ್ತಲೂ ಊತ, ಮುಟ್ಟಿದರೆ ಬಿಸಿ. ಇದು ಬಂಬಲ್‌ಫುಟ್, ಅಂದರೆ ಕೋಳಿಯ ಅಂಗಾಲಿಗೆ ಸೋಂಕು ತಗುಲಿ ಊದಿಕೊಳ್ಳುವ ರೋಗ, ಅಲ್ವಾ? ಗಿರಿರಾಜ ತೂಕದ ಕೋಳಿ, ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟು ಜಾಸ್ತಿ. ಸಣ್ಣ ಗಾಯವಾದರೂ ಸಾಕು, ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ಸೇರಿ ಕೀವಾಗುತ್ತದೆ.

ಈಗ ಬೇರೆ ಗೂಡಲ್ಲಿ ಒಣಹುಲ್ಲು ಹಾಸಿ ಇಟ್ಟಿದ್ದೇನೆ. ದಿನಾ ಎಪ್ಸಮ್ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಸುತ್ತುತ್ತೇನೆ. ಊತ ಸ್ವಲ್ಪ ಇಳಿದಿದೆ. ಆದರೆ ಹಕ್ಕಳೆ ಕೆಳಗಿನ ಗಂಟು ಹಾಗೇ ಇದೆ. ಕೋಳಿಯ ಕೀವು ನೀರಾಗಿ ಹರಿಯುವುದಿಲ್ಲ, ಒಳಗೇ ಗಟ್ಟಿಯಾಗಿಬಿಡುತ್ತದೆ. ಹಿಸುಕಿದರೆ ಸೋಂಕು ಇನ್ನೂ ಒಳಗೆ ಹೋಗುವ ಭಯ, ಅದಕ್ಕೇ ಮುಟ್ಟಿಲ್ಲ.

ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರು ರಜೆಯಲ್ಲಿದ್ದಾರೆ, ಮುಂದಿನ ವಾರ ಬರುತ್ತಾರಂತೆ. ಪಕ್ಕದ ಮನೆಯವರು ಸುಮ್ನೆ ಸಾರು ಮಾಡಿ ಅಂತಾರೆ. ಮನಸ್ಸು ಒಪ್ಪುವುದಿಲ್ಲ. ಅದು ಚೆನ್ನಾಗಿ ಮೇಯುತ್ತಿದೆ, ನಾನು ಹೋದರೆ ಒಂಟಿಕಾಲಲ್ಲೇ ಕುಪ್ಪಳಿಸಿ ಬಾಗಿಲಿಗೆ ಬರುತ್ತದೆ.

ಇಂಥ ಕೋಳಿಯನ್ನು ಉಳಿಸಿಕೊಂಡವರು ದಯವಿಟ್ಟು ಹೇಳಿ. ಊತ ಇಳಿಯುತ್ತಿರುವಾಗ ಇದೇ ಆರೈಕೆ ಮಾಡುತ್ತಾ ಡಾಕ್ಟರು ಬರುವವರೆಗೆ ಕಾಯಬಹುದಾ, ಅಥವಾ ಈಗಲೇ ದೂರದ ಆಸ್ಪತ್ರೆಗೆ ಒಯ್ದು ಗಂಟು ತೆಗೆಸಬೇಕಾ?