ಜಪಾನಿ ಕಾರೇ ತಗೋಬೇಕಾ? ಕೊಡಗಿನಲ್ಲಿ ಓಡಿಸುವವರು ಹೇಳಿ

ನಾಪೋಕ್ಲು ಕಡೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಂಟು ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಮನೆಯಿಂದ ಮುಖ್ಯರಸ್ತೆವರೆಗೆ ತೋಟದ ಮಣ್ಣುದಾರಿ. ವಾರಕ್ಕೆ ಒಂದೆರಡು ಸಲ ಮಡಿಕೇರಿ, ಆಗಾಗ ಮೈಸೂರು. ಅಪ್ಪ ಜಪಾನಿ ಗಾಡಿ ಬಿಟ್ಟು ಬೇರೆ ಬೇಡ ಅನ್ನುತ್ತಾರೆ. ಮಾವ ಜರ್ಮನ್ ಗಾಡಿ ಮುಂದೆ ಉಳಿದದ್ದೆಲ್ಲ ತಗಡು ಅನ್ನುತ್ತಾರೆ. ನನಗೆ ಒಂದು ಜರ್ಮನ್ ಆಟೋಮ್ಯಾಟಿಕ್ ಮೇಲೆ ಮನಸ್ಸಾಗಿದೆ. ದೇಶ ನೋಡಿ ಕಾರು ಕೊಳ್ಳುವುದು ಸರಿಯಾ?

ಗೋಣಿಕೊಪ್ಪ, ಗ್ಯಾರೇಜ್ ನಡೆಸುವವನು:
ತಮ್ಮಾ, ಮೊದಲು ಬಾನೆಟ್ ಎತ್ತು, ದೇಶ ಆಮೇಲೆ ಕೇಳು. ಡೀಸೆಲ್ ಸ್ವಿಫ್ಟ್ ಅಂದರೆ ಜನ ಜಪಾನಿ ಗಾಡಿ, ಕಣ್ಣು ಮುಚ್ಚಿ ತಗೋ ಅನ್ನುತ್ತಾರೆ. ಅದರ 1.3 ಲೀಟರ್ ಎಂಜಿನ್ ಇಟಲಿಯ ಫಿಯೆಟ್‌ನದು. ಅದೇ ಎಂಜಿನ್ ಫಿಯೆಟ್ ಪುಂಟೋದಲ್ಲಿ ಇತ್ತು, ಟಾಟಾ ವಿಸ್ಟಾದಲ್ಲೂ ಇತ್ತು. ಆದರೆ ಪುಂಟೋ ಹೆಸರೆತ್ತಿದರೆ ಅದೇ ಜನ 'ಇಟಲಿ ಗಾಡಿನಾ, ಬೇಡಪ್ಪ' ಅನ್ನುತ್ತಿದ್ದರು.

ನಮ್ಮ ತೋಟಗಳಲ್ಲಿ ಕಾಫಿ ಚೀಲ ಹೊತ್ತ ಎಂಎಂ 540 ಜೀಪನ್ನೇ ನೋಡು. ವಿನ್ಯಾಸದ ಮೂಲ ಅಮೆರಿಕದ ವಿಲ್ಲಿಸ್, ಎಂಜಿನ್ ಫ್ರಾನ್ಸಿನ ಪ್ಯೂಜೋ ಕಂಪನಿಯದು, ಮೇಲೆ ಮಹೀಂದ್ರಾ ಹೆಸರು. ಅದನ್ನು ಯಾವ ದೇಶದ್ದು ಅನ್ನೋಣ? ಫ್ರೆಂಚ್ ಗಾಡಿ ಅಂದರೆ ಮುಖ ಸಿಂಡರಿಸುವವರ ಶೆಡ್‌ನಲ್ಲೇ ಅದು ನಿಂತಿರುತ್ತದೆ.

ಮಳೆಗಾಲ ಮುಗಿದ ಮೇಲೆ ನನ್ನಲ್ಲಿಗೆ ಬರುವ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ. ವೀಲ್ ಬೇರಿಂಗ್ ಕೂಗು, ಸವೆದ ಬುಷ್, ಕಚ್ಚಿಕೊಂಡ ಹ್ಯಾಂಡ್‌ಬ್ರೇಕ್, ಇಲಿ ಕಡಿದ ವೈರು. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಸಿಲ್ವರ್ ಮರದ ಕೆಳಗೆ ಕಾರು ನಿಲ್ಲಿಸುತ್ತೀರಿ, ಅಲ್ವಾ? ಎಲೆ ವೈಪರ್ ಕೆಳಗಿನ ಜಾಲರಿಯೊಳಗೆ ಇಳಿದು ಕೊಳೆಯುತ್ತದೆ. ನೀರು ಹೋಗುವ ತೂತು ಮುಚ್ಚುತ್ತದೆ. ಆಮೇಲೆ ನೀರು ಕಾರಿನೊಳಗೇ ದಾರಿ ಹುಡುಕುತ್ತದೆ. ಕೆಲವು ಗಾಡಿಗಳಲ್ಲಿ ಕಾರ್ಪೆಟ್ ಕೆಳಗೇ ವೈರಿನ ಜಾಯಿಂಟ್ ಇರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಕಂಡರಿಯದ ದೀಪಗಳೆಲ್ಲ ಹತ್ತುತ್ತವೆ. ಓನರ್ 'ಈ ದೇಶದ ಗಾಡಿಗಳೇ ಹೀಗೆ' ಅಂತ ಬೈದುಕೊಂಡು ಬರುತ್ತಾರೆ. ಒಂದು ಹಿಡಿ ಎಲೆ ತೆಗೆದು ಕಳಿಸುತ್ತೇನೆ.

ಕುಶಾಲನಗರ, ಟ್ಯಾಕ್ಸಿ:
ನಿಮ್ಮ ಅಪ್ಪ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ. ಹಳೇ ಇನ್ನೋವಾ ಇವತ್ತಿಗೂ ಈ ರಸ್ತೆಗಳಲ್ಲಿ ಬಾಡಿಗೆಗೆ ಓಡುತ್ತಿದೆ. ಆದರೆ ಕಾರಣ ಜಪಾನ್ ಅನ್ನುವುದಕ್ಕಿಂತ ಗಾಡಿ ಕಟ್ಟಿದ ರೀತಿ. ಗಟ್ಟಿ ಚಾಸಿ ಮೇಲೆ ಕೂರಿಸಿದ ಬಾಡಿ. 2.5 ಲೀಟರ್ ಎಂಜಿನ್‌ನಿಂದ ಸುಮಾರು 100 ಅಶ್ವಶಕ್ತಿ ಮಾತ್ರ ತೆಗೆದರು. ಎಂಜಿನ್ ಯಾವತ್ತೂ ಏದುಸಿರು ಬಿಡುವುದಿಲ್ಲ. ಅಂದಹಾಗೆ ಅದು ತಯಾರಾಗಿದ್ದು ನಮ್ಮ ಬಿಡದಿಯಲ್ಲಿ.

ಸುಮ್ನೆ ಟೊಯೋಟಾ ಹೆಸರಿಗೆ ದುಡ್ಡು ಸುರಿಯಬೇಡಿ. ಗ್ಲಾನ್ಜಾ ಅಂದರೆ ಮಾರುತಿ ಬಲೆನೋನೇ. ಕೆಟ್ಟದ್ದು ಅಂತಲ್ಲ. ಇನ್ನೋವಾ ಗಳಿಸಿದ ಹೆಸರನ್ನು ಅದಕ್ಕೆ ಅಂಟಿಸಿ ರೇಟು ಹೇಳಿದರೆ ನಂಬಬೇಡಿ, ಅಷ್ಟೇ.

ಸಿದ್ದಾಪುರ:
ಎಂಜಿ ಹೆಕ್ಟರ್ ಬ್ರಿಟಿಷ್ ಗಾಡಿ ಅಂತ ನಮ್ಮ ಪಕ್ಕದ ತೋಟದವರಿಗೆ ಬಹಳ ಹೆಮ್ಮೆ. ಕಂಪನಿ ಚೀನಾದವರ ಕೈಗೆ ಹೋಗಿ ಎಷ್ಟೋ ವರ್ಷ ಆಯಿತು, ಗಾಡಿ ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ, ಡೀಸೆಲ್ ಎಂಜಿನ್ ಫಿಯೆಟ್‌ನದು. ನಾನು ಬಾಯಿ ಬಿಡಲಿಲ್ಲ.

ಮಡಿಕೇರಿ:
ನನ್ನದು ಯುರೋಪಿನ ಒಂದು ಕಂಪನಿಯ ಆಟೋಮ್ಯಾಟಿಕ್. ಹೆಸರು ಬೇಡ. ಹೈವೇಯಲ್ಲಿ ಅಂಥ ಗಾಡಿ ಇನ್ನೊಂದಿಲ್ಲ, ಬಾಗಿಲು ಹಾಕಿದ ಸದ್ದೇ ಬೇರೆ. ಆದರೆ ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಗೇರ್‌ಬಾಕ್ಸ್ ಬಿಸಿಯಾಗಿ ಎಚ್ಚರಿಕೆ ದೀಪ ಬಂತು. ಕೊನೆಗೆ ಕ್ಲಚ್ ಸೆಟ್ ಬದಲಾಯಿಸಬೇಕಾಯಿತು. ಖರ್ಚಿಗಿಂತ ಕಾಯುವುದೇ ಹಿಂಸೆ. ಪಾರ್ಟ್ ಬರುವವರೆಗೆ ಗಾಡಿ ಮೈಸೂರಿನಲ್ಲಿ, ನಾನು ಇಲ್ಲಿ. ನಡುವೆ 120 ಕಿಲೋಮೀಟರ್. ಅದೇ ಕಾರಿನ ಮ್ಯಾನುಯಲ್ ವಿರಾಜಪೇಟೆಯಲ್ಲಿ ನನ್ನ ತಮ್ಮನ ಹತ್ತಿರ ಇದೆ. ಅವನಿಗೆ ಒಂದು ತಕರಾರೂ ಇಲ್ಲ.

ಪೊನ್ನಂಪೇಟೆ, ಕಾರು ಕಾರ್ಖಾನೆಯಿಂದ ನಿವೃತ್ತ:
ಮಡಿಕೇರಿಯವರಿಗೆ ಆದದ್ದು ಜರ್ಮನ್ ಕಾಯಿಲೆ ಅಲ್ಲ, ಡ್ರೈ ಕ್ಲಚ್ ಕಾಯಿಲೆ. ಎರಡು ಕ್ಲಚ್ ಇರುವ ಈ ಗೇರ್‌ಬಾಕ್ಸ್‌ಗಳಲ್ಲಿ ಕೆಲವಕ್ಕೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಶಾಖ ಎಣ್ಣೆಗೆ ಹೋಗುತ್ತದೆ. ಡ್ರೈ ಕ್ಲಚ್‌ಗೆ ಆ ಸೌಕರ್ಯ ಇಲ್ಲ. ಏರಿನಲ್ಲಿ ತೆವಳಿದಷ್ಟೂ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಫೋಕ್ಸ್‌ವ್ಯಾಗನ್‌ಗೆ ತನ್ನ ಏಳು ಗೇರಿನ ಡ್ರೈ ಕ್ಲಚ್ ಡಬ್ಬ ತಲೆನೋವಾಯಿತು, ನಿಜ. ಅಮೆರಿಕದ ಫೋರ್ಡ್ ಕೂಡ ಇಂಥದ್ದೇ ಗೇರ್‌ಬಾಕ್ಸ್‌ನಿಂದ ಫಿಯೆಸ್ಟಾ, ಫೋಕಸ್ ಕಾರುಗಳಿಗೆ ಕೋರ್ಟ್ ಹತ್ತಬೇಕಾಯಿತು.

ದೇಶದ ಮಾತಿಗೆ ಬಂದರೆ ನನಗೆ ನೆನಪಾಗುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ. ಜನರಲ್ ಮೋಟರ್ಸ್ ಅದನ್ನು 1982ರಲ್ಲಿ ಮುಚ್ಚಿತು. ಗೈರುಹಾಜರಿ, ಜಗಳ, ಕಳಪೆ ಕಾರು, ಎಲ್ಲಕ್ಕೂ ಹೆಸರುವಾಸಿಯಾಗಿತ್ತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದರು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಅಮೆರಿಕದವರೇ. ಬದಲಾದದ್ದು ಪದ್ಧತಿ. ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. ಸ್ವಲ್ಪ ಸಮಯದಲ್ಲೇ ಅಲ್ಲಿಂದ ಒಳ್ಳೆಯ ಕಾರುಗಳು ಹೊರಬಂದವು. ತಮಾಷೆ ಏನೆಂದರೆ, ಅಲ್ಲೇ ಟೊಯೋಟಾ ಕೊರೊಲ್ಲಾ ತಯಾರಾಗುತ್ತಿತ್ತು, ಜನರಲ್ ಮೋಟರ್ಸ್ ಮಾರುತ್ತಿದ್ದ ಅದರ ಅವಳಿ ಜಿಯೋ ಪ್ರಿಜ್ಮ್ ಕೂಡ. ಹಳೇ ಕಾರಿನ ಮಾರ್ಕೆಟ್ಟಿನಲ್ಲಿ ಪ್ರಿಜ್ಮ್‌ಗೆ ಬೆಲೆ ಕಡಿಮೆ! ನಾನಾಗಿದ್ದರೆ ಪ್ರಿಜ್ಮ್ ಕೊಳ್ಳುತ್ತಿದ್ದೆ.

ಹೆಸರು ನಿಂತಲ್ಲೇ ನಿಲ್ಲುವುದೂ ಇಲ್ಲ. ಕೊರಿಯಾದ ಹ್ಯುಂಡೈ 1986ರಲ್ಲಿ ಅಮೆರಿಕಕ್ಕೆ ಹೋದಾಗ ಕಾರು ಅಗ್ಗ, ಗುಣಮಟ್ಟ ನಗೆಪಾಟಲು. 1998ರಲ್ಲಿ ಅಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗೆ ಹತ್ತು ವರ್ಷ ವಾರಂಟಿ ಘೋಷಿಸಿತು. ಅದೇ ವರ್ಷ ಇಲ್ಲಿ ಸ್ಯಾಂಟ್ರೋ ಬಂತು, ನಮಗೆ ಮೊದಲಿನಿಂದಲೂ ಅದು ಒಳ್ಳೆಯ ಕಂಪನಿ. ಜಪಾನಿಯವರಿಗೂ ಒಂದು ಕಾಲದಲ್ಲಿ ಅಗ್ಗದ ಮಾಲಿನವರು ಅಂತಲೇ ಹೆಸರಿತ್ತು. ಆಮೇಲೆ ಅವರು ಗಳಿಸಿದ ಹೆಸರು ನ್ಯಾಯವಾದದ್ದೇ. ಆದರೂ ಲೋಕದಾದ್ಯಂತ ಏರ್‌ಬ್ಯಾಗ್ ವಾಪಸ್ ಕರೆಯುವಂತೆ ಮಾಡಿದ ಟಕಾಟಾ ಕೂಡ ಜಪಾನಿ ಕಂಪನಿ.

ನಾಪೋಕ್ಲು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಆ ಆಟೋಮ್ಯಾಟಿಕ್ ಆಸೆ ಬಿಡಲಾ ಅಣ್ಣ?

ಗೋಣಿಕೊಪ್ಪ, ಗ್ಯಾರೇಜ್:
ಗೇರ್‌ಬಾಕ್ಸ್ ಯಾವುದು ಅಂತ ನೋಡು. ಡ್ರೈ ಕ್ಲಚ್ ಆದರೆ ಬಿಡು. ಹಳೇ ಥರದ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇದ್ದರೆ, ಅದೇ ಕಂಪನಿಯದಾದರೂ, ಧೈರ್ಯವಾಗಿ ಮುಂದುವರಿ. ಆಮೇಲೆ ಮೈಸೂರಿನ ಶೋರೂಮಿಗೆ ಫೋನ್ ಮಾಡಿ ಕ್ಲಚ್, ಸಸ್ಪೆನ್ಷನ್ ಆರ್ಮ್, ರೇಡಿಯೇಟರ್ ಮೂರೂ ಸ್ಟಾಕ್ ಇದೆಯಾ, ಇಲ್ಲದಿದ್ದರೆ ಎಷ್ಟು ದಿನ ಅಂತ ಕೇಳು. ಉತ್ತರ ತಡವರಿಸಿದರೆ ನಿನಗೆ ಅರ್ಥವಾಗುತ್ತದೆ. ಚಾಸಿ ನಂಬರ್ ಕೊಟ್ಟು ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿ ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತಲೂ ವಿಚಾರಿಸು. ಜಪಾನಿ ಗಾಡಿಯಾದರೂ ಸರಿ.

ಟ್ರಯಲ್‌ಗೆ ಮಟ್ಟ ರಸ್ತೆ ಬೇಡ, ಏರಿನಲ್ಲಿ ನಿಲ್ಲಿಸಿ ಎತ್ತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡು. ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಲ್ಲಿ ನಿಂತದ್ದು, ಯಾವ ದೇಶದ್ದಾದರೂ ಬೇಡ. ಇಷ್ಟೆಲ್ಲ ಸರಿ ಇದ್ದರೆ ದುಡ್ಡು ಕೊಡುವ ಮೊದಲು ಇಲ್ಲಿಗೆ ತಾ, ಸ್ಕ್ಯಾನರ್ ಹಾಕಿ, ಕೆಳಗೆ ತುಕ್ಕು ನೋಡುತ್ತೇನೆ. ಭಾನುವಾರ ಮಾತ್ರ ಗ್ಯಾರೇಜ್ ಇರುವುದಿಲ್ಲ.