ಕೈ ಸ್ಕ್ಯಾನರ್‌ಗೆ ಲಿಥಿಯಂ ಬ್ಯಾಟರಿ: ಮಾಡಿ ನೋಡಿದವರು ಹೇಳಿ

ಕೇಳಿದವರು:
ನನ್ನ ಹತ್ತಿರ ಮೂರು ಎಎ ಸೆಲ್ ಹಿಡಿಸುವ ಹಳೆಯ ಕೈ ಸ್ಕ್ಯಾನರ್ ಇದೆ, ಅಂದ್ರೆ ರೇಡಿಯೋ ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕಿ ಕೇಳಿಸುವ ರೇಡಿಯೋ. ವಿಮಾನದವರ ಮಾತು ಕೇಳೋದಕ್ಕೇ ಜಾಸ್ತಿ ಬಳಸುತ್ತೇನೆ. ಅದರ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿಗೆ ವಯಸ್ಸಾಗಿದೆ. ಪೂರ್ತಿ ಚಾರ್ಜ್ ಮಾಡಿಟ್ಟು ಎರಡು ವಾರ ಬಿಟ್ಟು ತೆಗೆದರೆ ಅರ್ಧ ಖಾಲಿ. ಲಿಥಿಯಂ ಬ್ಯಾಟರಿ ಕೂರಿಸಿ, ಯುಎಸ್‌ಬಿಯಿಂದ ಚಾರ್ಜ್ ಆಗುವ ಹಾಗೆ ಮಾಡಬೇಕು ಅಂತ ಆಸೆ. ಬೆಸುಗೆ ಹಾಕೋದು ಬರುತ್ತದೆ. ಎಲ್ಲಿ ಎಡವಬಹುದು, ಏನು ನೋಡಿಕೊಳ್ಳಬೇಕು?

ಮೊದಲ ಉತ್ತರ:
ನಾನು ಮಾಡಿದ್ದೇನೆ, ನಾಲ್ಕು ವರ್ಷದಿಂದ ಓಡುತ್ತಿದೆ. ಮೂರು ಸೆಲ್‌ನ ಸ್ಕ್ಯಾನರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂರು ಆಲ್ಕಲೈನ್ ಸೇರಿದರೆ 4.5 ವೋಲ್ಟ್, ಮೂರು ನಿಕಲ್ ಸೇರಿದರೆ 3.6. ಒಂದೇ ಒಂದು ಲಿಥಿಯಂ ಅಯಾನ್ ಸೆಲ್ ತುಂಬಿದಾಗ 4.2, ದಾರಿಯುದ್ದಕ್ಕೂ 3.7ರ ಆಸುಪಾಸು, ಖಾಲಿಯಾಗುವಾಗ 3.0. ನಡುವೆ ವೋಲ್ಟೇಜ್ ಏರಿಸುವ, ಇಳಿಸುವ ಸರ್ಕ್ಯೂಟ್ ಏನೂ ಬೇಡ. ನೇರ ಕೊಡಬಹುದು.

14500 ಅನ್ನೋ ಲಿಥಿಯಂ ಸೆಲ್ ಬಗ್ಗೆ ಮಾತ್ರ ಹುಷಾರು. 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ, ನೋಡೋದಕ್ಕೆ ಎಎ ಸೆಲ್ಲೇ. ಸರಿಯಾಗಿ ಕೂತಿತು ಅಂತ ಮೂರೂ ಹಾಕಿದರೆ 12.6 ವೋಲ್ಟ್ ಒಳಗೆ ಹೋಗುತ್ತದೆ, ಸೆಟ್ಟು ಸುಡುತ್ತದೆ. ಒಂದು ಹಾಕಿ, ಉಳಿದ ಎರಡು ಜಾಗಕ್ಕೆ ಡಮ್ಮಿ ಸೆಲ್ (ಕರೆಂಟ್ ದಾಟಿಸುವ ಖಾಲಿ ತುಂಡು) ಕೊಟ್ಟರೆ ವೋಲ್ಟೇಜ್ ಸರಿಹೋಗುತ್ತದೆ. ಆದರೆ ಅದರಲ್ಲಿ ಇರೋದು ಸುಮಾರು 800 ಎಂಎಎಚ್, ಅಂದ್ರೆ 3 ವ್ಯಾಟ್ ಅವರ್. ಈಗ 2000 ಎಂಎಎಚ್‌ನ ಮೂರು ನಿಕಲ್ ಸೆಲ್ ಕೊಡೋದು 7.2. ಇಷ್ಟೆಲ್ಲ ಕಷ್ಟಪಟ್ಟು ಅರ್ಧಕ್ಕಿಂತ ಕೆಳಗೆ ಇಳಿಯೋದು ಯಾಕೆ?

ಹಾಗಾಗಿ ನಾನು ಸ್ಪ್ರಿಂಗ್‌ಗಳನ್ನು ಬಿಚ್ಚಿ, ನಡುವಿನ ಪ್ಲಾಸ್ಟಿಕ್ ಗೋಡೆ ಕತ್ತರಿಸಿ, 2500 ಎಂಎಎಚ್‌ನ ಚಪ್ಪಟೆ ಲಿಥಿಯಂ ಪಾಲಿಮರ್ ಸೆಲ್ ಹಾಕಿದೆ. ಅದು ಸುಮಾರು 9 ವ್ಯಾಟ್ ಅವರ್. ಸೆಲ್ ಕೊಳ್ಳುವ ಮೊದಲು ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಅದೇ ಅಳತೆಯ ಅಚ್ಚು ಮಾಡಿಕೊಳ್ಳಿ. ಅದನ್ನಿಟ್ಟು ಮುಚ್ಚಳ ಹಾಕಿ ನೋಡಿ. ದಪ್ಪದಲ್ಲಿ ಒಂದು ಮಿಲಿಮೀಟರ್ ಆದರೂ ಸಡಿಲ ಇರಲಿ, ಹಳೆಯದಾದಾಗ ಈ ಸೆಲ್ ಸ್ವಲ್ಪ ಉಬ್ಬುತ್ತದೆ. ಕತ್ತರಿಸಿದ ಪ್ಲಾಸ್ಟಿಕ್‌ನ ಚೂಪು ಅಂಚನ್ನು ಉಜ್ಜಿ ನುಣುಪು ಮಾಡಿ. ಆ ಬೆಳ್ಳಿ ಬಣ್ಣದ ಹೊದಿಕೆ ತುಂಬಾ ತೆಳು, ಉಗುರು ಗಟ್ಟಿಯಾಗಿ ಒತ್ತಿದರೂ ಗುರುತು ಬೀಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಸ್ಕ್ಯಾನರ್ ಒಳಗೇ ನಿಕಲ್ ಸೆಲ್ ಚಾರ್ಜ್ ಮಾಡುತ್ತದಾ? ಮಾಡುತ್ತಿದ್ದರೆ ಆ ದಾರಿಯನ್ನು ಕಡಿಯದೆ ಲಿಥಿಯಂ ಮುಟ್ಟಲೇಬೇಡಿ. ನಿಕಲ್ ಚಾರ್ಜರ್‌ಗೆ 4.2ಕ್ಕೆ ನಿಲ್ಲಬೇಕು ಅನ್ನೋದೇ ಗೊತ್ತಿಲ್ಲ, ತುಂಬಿದ ಮೇಲೂ ತುರುಕುತ್ತಲೇ ಇರುತ್ತದೆ. ನನ್ನ ಮೊದಲ ಸೆಲ್ ಹಾಳಾಗಿದ್ದೇ ಹೀಗೆ. ಮರೆತು ಹಳೆಯ ಅಡಾಪ್ಟರ್ ಚುಚ್ಚಿದೆ. ಅರ್ಧ ಗಂಟೆ ಬಿಟ್ಟು ಕೈಗೆತ್ತಿಕೊಂಡಾಗ ಬೆನ್ನು ಬಿಸಿ, ಮುಚ್ಚಳ ನಡುವಿನಲ್ಲಿ ಮೇಲೆದ್ದಿತ್ತು. ತೆಗೆದುಕೊಂಡು ಹೊರಗೆ ಕಲ್ಲಿನ ಮೇಲಿಟ್ಟು ದೂರ ನಿಂತೆ. ಬೆಂಕಿ ಹತ್ತಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪರೀಕ್ಷೆ ಸುಲಭ. ಸೆಲ್ ಎಲ್ಲಾ ತೆಗೆಯಿರಿ, ಅಡಾಪ್ಟರ್ ಚುಚ್ಚಿ, ಬ್ಯಾಟರಿ ಜಾಗದ ಪ್ಲಸ್ಸು ಮೈನಸ್ಸಿಗೆ ಮಲ್ಟಿಮೀಟರ್ ಹಿಡಿಯಿರಿ. ಗುಂಡಿ ಒತ್ತಿ ಚಾರ್ಜ್ ಶುರು ಮಾಡುವ ಸೆಟ್ಟಾದರೆ ಅದನ್ನೂ ಒತ್ತಿ ನೋಡಿ. ವೋಲ್ಟೇಜ್ ಬಂದರೆ ದಾರಿ ಇದೆ ಅಂತ ಅರ್ಥ. ನನ್ನದರಲ್ಲಿ ಜ್ಯಾಕ್ ಪಕ್ಕದಿಂದ ಒಂದು ಡಯೋಡ್, ಒಂದು ರೆಸಿಸ್ಟರ್ ದಾಟಿ ಬರುತ್ತಿತ್ತು. ರೆಸಿಸ್ಟರ್‌ನ ಒಂದು ಕಾಲು ಎತ್ತಿದೆ, ಮೀಟರ್ ಸೊನ್ನೆಗೆ ಬಂತು. ಆಮೇಲೂ ನಂಬಿಕೆ ಬಾರದೆ ಆ ಜ್ಯಾಕ್‌ಗೆ ಅಂಟು ತುಂಬಿ ಮುಚ್ಚಿಬಿಟ್ಟೆ. ಮನೆಯಲ್ಲಿ ಬೇರೆಯವರು ಚುಚ್ಚಬಾರದಲ್ವಾ.

ಚಾರ್ಜ್‌ಗೆ ಟಿಪಿ4056 ಬೋರ್ಡ್ ಹಾಕಿದ್ದೇನೆ, ರಕ್ಷಣೆಯ ಸರ್ಕ್ಯೂಟ್ ಇರುವಂಥದ್ದು. ಬಿ ಪ್ಲಸ್, ಬಿ ಮೈನಸ್ ಸೆಲ್‌ಗೆ, ಔಟ್ ಅಂತ ಇರುವುದು ಸ್ಕ್ಯಾನರ್‌ಗೆ. ಉಲ್ಟಾ ಕೊಟ್ಟರೆ ಬೋರ್ಡ್ ಸಾಯುತ್ತದೆ. ಬಂದ ಹಾಗೇ ಬಿಟ್ಟರೆ ಅದು 1 ಆಂಪಿಯರ್ ಕೊಡುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಒಳಗೆ ಜಾಸ್ತಿ ಕಾಯುತ್ತದೆ. ಬೋರ್ಡ್ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2 ಕಿಲೋಓಮ್ ಹಾಕಿದರೆ 580 ಮಿಲಿಆಂಪ್‌ಗೆ ಇಳಿಯುತ್ತದೆ. ಚಾರ್ಜ್ ಮಾಡುವಾಗ ಸ್ಕ್ಯಾನರ್ ಆಫ್ ಇರಲಿ. ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಾರ್ಜರ್ ನಿಲ್ಲಿಸುತ್ತದೆ. ಸೆಟ್ಟು ಆನ್ ಇದ್ದು ಎಳೆಯುತ್ತಲೇ ಇದ್ದರೆ ಅದಕ್ಕೆ ಆ ಗುರುತು ಸಿಗೋದೇ ಇಲ್ಲ.

ಎರಡನೆಯವರು:
ನೀವು ವಿಮಾನದ ಮಾತು ಕೇಳ್ತೀನಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಎಎ ಅಳತೆಯಲ್ಲೇ 1.5 ವೋಲ್ಟ್‌ನ ರೀಚಾರ್ಜ್ ಲಿಥಿಯಂ ಸೆಲ್ ಸಿಗುತ್ತದೆ, ಏನೂ ಬಿಚ್ಚಬೇಕಿಲ್ಲ. ನಾನೂ ಖುಷಿಯಿಂದ ಹಾಕಿದೆ. ಎಫ್‌ಎಂನಲ್ಲಿ ಏನೂ ಗೊತ್ತಾಗಲಿಲ್ಲ. 118ರಿಂದ 137 ಮೆಗಾಹರ್ಟ್ಸ್‌ನ ವಿಮಾನದ ಪಟ್ಟಿಗೆ ಹೋದಾಗ ಕೆಲವು ಚಾನೆಲ್‌ಗಳಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಸದ್ದು. ಅಲ್ಲಿ ಬಳಸೋದು ಎಎಂ, ಅದು ಇಂಥ ಗಲಾಟೆಯನ್ನು ಹಾಗೇ ಕಿವಿಗೆ ತರುತ್ತದೆ. ಆ ಸೆಲ್‌ಗಳ ಒಳಗೆ 3.7ನ್ನು 1.5ಕ್ಕೆ ಇಳಿಸುವ ಪುಟ್ಟ ಸ್ವಿಚಿಂಗ್ ಸರ್ಕ್ಯೂಟ್ ಇದೆ, ಸದ್ದು ಅದರದ್ದು. ದೂರದ ವಿಮಾನ, ಸಣ್ಣ ದನಿ, ಅದೆಲ್ಲ ಇದರಡಿ ಮುಳುಗಿಹೋಗುತ್ತದೆ.

ಇನ್ನೊಂದು ತೊಂದರೆ. ಅವು ಕೊನೆವರೆಗೂ 1.5 ತೋರಿಸಿ, ತಟ್ಟನೆ ಸತ್ತುಹೋಗುತ್ತವೆ. ಬ್ಯಾಟರಿ ಗುರುತು ತುಂಬಿದೆ ಅಂತಲೇ ಇರುತ್ತದೆ, ಸೆಟ್ಟು ಆಫ್!

ಯಾವ ಬ್ಯಾಟರಿ ಹಾಕಿದರೂ ಹೀಗೊಂದು ಪರೀಕ್ಷೆ ಮಾಡಿ. ಎಎಂನಲ್ಲಿ ಖಾಲಿ ಚಾನೆಲ್ ಹಾಕಿ, ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಸದ್ದು ಅಡಗಿಸುವ ತಿರುಪು) ಪೂರ್ತಿ ತೆರೆದು, ಮೊದಲು ಮಾಮೂಲಿ ಸೆಲ್‌ನಲ್ಲಿ ಕೇಳಿ. ಆಮೇಲೆ ಹೊಸದು ಹಾಕಿ ಅದನ್ನೇ ಕೇಳಿ. ವ್ಯತ್ಯಾಸ ಇದ್ದರೆ ಕಿವಿಗೆ ತಕ್ಷಣ ತಿಳಿಯುತ್ತದೆ.

ಮೂರನೆಯವರು:
ಎರಡು ಸೆಲ್‌ನ ಸೆಟ್ಟು ಇರುವವರಿಗೆ ಒಂದು ಮಾತು. ಯೂನಿಡೆನ್ ಬಿಸಿ125ಎಟಿ ಎರಡು ಎಎ ಮೇಲೆ ಓಡುತ್ತದೆ. ಅಲ್ಲಿ 4.2 ಕೊಡಬೇಡಿ, ಜಾಸ್ತಿಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ನ 14500 ಒಂದು, ಡಮ್ಮಿ ಒಂದು ಹಾಕಿ. ಅದು 3.2 ವೋಲ್ಟ್, ಹೊಸ ಆಲ್ಕಲೈನ್ ಜೋಡಿಯೂ ಹೆಚ್ಚುಕಮ್ಮಿ ಅಷ್ಟೇ. ಚಾರ್ಜರ್‌ನಿಂದ ಆಗಷ್ಟೇ ತೆಗೆದಾಗ 3.6ರ ಹತ್ತಿರ ಇರುತ್ತದೆ. ನಾನು ಒಂದು ರಾತ್ರಿ ಹಾಗೇ ಇಟ್ಟು, ಇಳಿದ ಮೇಲೆ ಹಾಕುತ್ತೇನೆ. ಇದರ ಚಾರ್ಜರ್ ಬೇರೆ, ಟಿಪಿ4056 ನಡೆಯೋದಿಲ್ಲ. ಬ್ಯಾಟರಿ ಗೂಡಿನೊಳಗೆ ಆಲ್ಕಲೈನ್, ನಿಕಲ್ ಅಂತ ಒಂದು ಪುಟ್ಟ ಸ್ವಿಚ್ ಇದೆ, ಅದು ಆಲ್ಕಲೈನ್ ಕಡೆಗೇ ಇರಬೇಕು. ಹೆಚ್ಚು ಹೊತ್ತು ಓಡೋದಿಲ್ಲ ನಿಜ, ಆದರೆ ಸದ್ದಿಲ್ಲ, ಸೆಟ್ಟಿಗೆ ಒಂದು ಗೀರೂ ಬಿದ್ದಿಲ್ಲ.

ನಾಲ್ಕನೆಯವರು:
ಬಿಚ್ಚೋದು ಬೇಡ ಅನ್ನಿಸಿದರೆ ಸುಮ್ನೆ ಇಟ್ಟಲ್ಲೇ ಚಾರ್ಜ್ ಕಡಿಮೆ ಸೋರುವ ನಿಕಲ್ ಸೆಲ್ ತಗೊಳ್ಳಿ. ಒಂದು ವರ್ಷ ಇಟ್ಟರೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ನಿಮ್ಮ ಎರಡು ವಾರದ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಪವರ್ ಬ್ಯಾಂಕ್‌ನಿಂದ ನೇರ ಓಡಿಸೋಣ ಅಂತ ನಾನು ನೋಡಿದೆ. ಸ್ಕ್ಯಾನರ್ ಎಳೆಯುವ ಕರೆಂಟ್ ಕಡಿಮೆ ಅಂತ ಅದು ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತಿತ್ತು.

ಕೇಳಿದವರು:
ಎಲ್ಲರಿಗೂ ಮನಸಾರೆ ಧನ್ಯವಾದ. ಮಲ್ಟಿಮೀಟರ್ ಹಿಡಿದು ನೋಡಿದೆ. ನನ್ನದರಲ್ಲೂ ಅಡಾಪ್ಟರ್ ಚುಚ್ಚಿದರೆ ಸ್ಪ್ರಿಂಗ್‌ಗೆ 5.8 ವೋಲ್ಟ್ ಬರುತ್ತಿದೆ! ನೀವು ಹೇಳದಿದ್ದರೆ ಇದನ್ನು ನೋಡುತ್ತಲೇ ಇರಲಿಲ್ಲ. ಮೊದಲು ಆ ದಾರಿ ಕಡಿಯುತ್ತೇನೆ, ಆಮೇಲೆ ರಟ್ಟಿನ ಅಚ್ಚು. ಟೈಪ್ ಸಿ ಬಾಯಿ ಇರುವ ಟಿಪಿ4056 ತರಬಹುದಾ?

ಮೊದಲ ಉತ್ತರದವರು:
ತರಬಹುದು. ಆದರೆ ಕೆಲವು ಬೋರ್ಡ್‌ಗಳಲ್ಲಿ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿರೋದಿಲ್ಲ. ಅಂಥದ್ದು ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗೋದೇ ಇಲ್ಲ, ಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ಕಡೆ ಅಗಲದ ಎ ಇರುವ ಕೇಬಲ್ ಹಾಕಿ, ಕೆಂಪು ದೀಪ ಹತ್ತುತ್ತದೆ. ಮೊದಲ ಎರಡು ಮೂರು ಸಲ ಮುಚ್ಚಳ ತೆಗೆದಿಟ್ಟು, ಪಕ್ಕದಲ್ಲೇ ಕೂತು ಚಾರ್ಜ್ ಮಾಡಿ. ದೀಪ ನೀಲಿ ಆದಾಗ ಸೆಲ್ ವೋಲ್ಟೇಜ್ ಅಳೆದು ಇಲ್ಲಿ ಬರೆಯಿರಿ, ನೋಡೋಣ.